ಮೊದಲನೆಯ ನಂಬರಿನ ಮನೆ

ಸುಶೀಂದ್ರರಾಯರು ತೀರಿಕೊಂಡು ಆರು ವರ್ಷವಾದ ಮೇಲೆ ಅವರ ಹೆಂಡತಿ ಮನೋರಮಾಬಾಯಿಗೆ ಅವರ ಮೇಲೆ ಮೊದಲ ಸಲ ಸಿಟ್ಟು ಬಂತು.

ಬದುಕಿದ್ದಾಗ ಸಿಟ್ಟಾಗಲು ಪುರುಸೊತ್ತೇ ಸಿಕ್ಕಿರಲಿಲ್ಲ. ರಾಯರು ಹಾನಗಲ್ಲಿನ ಆಚೆ ಧರ್ಮಾತೀರ ಸಕ್ಕರೆ ಕಂಪನಿಯಲ್ಲಿ ಕೆಮಿಸ್ಟರಾಗಿದ್ದರು. ಶನಿವಾರ ಸಂಜೆಯ ಬಸ್ಸಿಗೆ ಸವಣೂರಿಗೆ ಬರುವರು, ಸೋಮವಾರ ಬೆಳಗಿನ ಬಸ್ಸಿಗೆ ಹೊರಡುವರು. ನಡುವಿನ ಒಂದು ದಿನದಲ್ಲಿ ಮಠಕ್ಕೆ ಹೋಗಬೇಕು, ತಾಯಿಗೆ ಔಷಧ ತರಬೇಕು, ಮಗನ ಶಾಲೆಯ ಲೆಕ್ಕದ ಪಟ್ಟಿ ನೋಡಬೇಕು. ಉಳಿದ ಗಳಿಗೆಯನ್ನು ಜಗಳ ತೆಗೆದು ಕೆಡಿಸಿಕೊಳ್ಳುವಷ್ಟು ದಡ್ಡಳಾಗಿರಲಿಲ್ಲ ಮನೋರಮಾಬಾಯಿ. ಕಬ್ಬು ನುರಿಸುವ ಹಂಗಾಮಿನಲ್ಲಂತೂ ಅವರು ಎರಡು ವಾರಕ್ಕೊಮ್ಮೆ ಬಂದರೂ ಬಂದರು, ಇಲ್ಲದಿದ್ದರೂ ಇಲ್ಲ. ಹಂಗಾಮು ಮುಗಿಯಿತೆಂದರೆ ಹೊರಗಿನಿಂದ ಕಚ್ಚಾ ಸಕ್ಕರೆ ತರಿಸಿ ಶುದ್ಧ ಮಾಡುವ ಕೆಲಸ. ಮೂವತ್ತಮೂರು ವರ್ಷ ಹೀಗೆ ನಡೆಯಿತು. ನಿವೃತ್ತರಾಗಿ ಬಂದ ಮೇಲಿನ ಏಳು ವರ್ಷವೂ ರಾಯರು ಮನೆಯಲ್ಲಿ ಬೀಗರ ಊರಿಗೆ ಬಂದವರಂತೆ ಇದ್ದರು. ಉಂಡ ತಾಟು ತಾವೇ ತೊಳೆದಿಡುವರು, ಅಂಗಿ ತಾವೇ ಮಡಚುವರು, ಮಾತಿಗೆ ಎಳೆದರೆ ‘ಹೂಂ’ ಅನ್ನುವರು. ಅದು ಅವರ ಸ್ವಭಾವ ಎಂದು ಮನೋರಮಾಬಾಯಿ ನಂಬಿದ್ದಳು.

ದಸರಾ ಮುಗಿದ ವಾರ ತನುಜಾ ಎಂಬ ಹುಡುಗಿ ಮನೆಗೆ ಬಂದಳು. ಹಂಸಭಾವಿಯವಳು, ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಕಂಪನಿಗೆ ಎಪ್ಪತ್ತೈದು ತುಂಬುತ್ತಿತ್ತು. ಅದರ ಚರಿತ್ರೆಯನ್ನು ಪುಸ್ತಕವಾಗಿ ಬರೆಯಲು ಅವಳನ್ನು ನೇಮಿಸಿದ್ದರು. ಶಿಗ್ಗಾಂವಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮಗ ಮಧ್ವೇಶ ಅರ್ಧ ದಿನ ರಜೆ ಹಾಕಿ ಬಂದಿದ್ದ. ಮನೋರಮಾಬಾಯಿ ಖಾರಾ, ಚಹಾ ತಂದಿಟ್ಟಳು.

ತನುಜಾ ಉತ್ಸಾಹದಿಂದ ಹೇಳುತ್ತ ಹೋದಳು. ಕಂಪನಿ ಹುಟ್ಟಿಸಿದ ಮಹಾಲಿಂಗಪ್ಪನವರು ಹಾನಗಲ್ಲಿನ ಬೆಲ್ಲದ ವ್ಯಾಪಾರಿ. ಮೊದಲ ಬಾಯ್ಲರನ್ನು ಹಾವೇರಿ ಸ್ಟೇಶನ್ನಿನಿಂದ ಇಪ್ಪತ್ತು ಜೋಡಿ ಎತ್ತು ಒಂಬತ್ತು ದಿನ ಎಳೆದು ತಂದವಂತೆ. ಮೊದಲ ವರ್ಷದ ಸಕ್ಕರೆ ಕಂದು ಬಣ್ಣಕ್ಕೆ ತಿರುಗಿ ಯಾರೂ ಕೊಳ್ಳದೆ, ಮಹಾಲಿಂಗಪ್ಪನವರು ಅಷ್ಟನ್ನೂ ಮಠದ ದಾಸೋಹಕ್ಕೆ ಕೊಟ್ಟು, ‘ದೇವರು ಬಣ್ಣಾ ನೋಡಂಗಿಲ್ಲ’ ಅಂದರಂತೆ.

“ನಿಮ್ಮ ರಾಯರ ಸುದ್ದಿ ಮಾತ್ರ ಬಂಗಾರದಂಥಾದು ಐತ್ರಿ ಅಮ್ಮಾರ. ಓದ್ತೇನಿ ಕೇಳ್ರಿ” ಎಂದು ಕಾಗದ ತೆಗೆದಳು.

“೧೯೮೭ರಲ್ಲಿ ಕಂಪನಿಯು ನೌಕರರಿಗಾಗಿ ಎಂಟು ಕುಟುಂಬ ವಸತಿಗೃಹಗಳನ್ನು ಕಟ್ಟಿಸಿತು. ಮೊದಲನೆಯ ನಂಬರಿನ ಮನೆ ಕೆಮಿಸ್ಟ್ ಸುಶೀಂದ್ರರಾಯರಿಗೆ ಮಂಜೂರಾಯಿತು. ಆದರೆ ಅವರು ಧರ್ಮಪತ್ನಿ ಶ್ರೀಮತಿ ಮನೋರಮಾಬಾಯಿಯವರ ಪೂರ್ಣ ಸಮ್ಮತಿಯೊಂದಿಗೆ ಆ ಮನೆಯನ್ನು, ಸಕ್ಕರೆ ಪಾಕ ಕುದಿಸುವ ಕೆಲಸದ ಮಲ್ಲಿಕಸಾಬರ ಕುಟುಂಬಕ್ಕೆ ಬಿಟ್ಟುಕೊಟ್ಟು, ನಿವೃತ್ತಿಯವರೆಗೂ ಒಂದೇ ಖೋಲಿಯಲ್ಲಿ ಉಳಿದರು.”

ಮಧ್ವೇಶ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. “ಒಬ್ಬರ ಮುಂದೂ ಹೇಳಿಕೊಳ್ಳಲಿಲ್ಲ ನೋಡ್ರಿ ನಮ್ಮಪ್ಪ. ಎಂಥಾ ದೊಡ್ಡ ಮನಸು.”

“ಯಾವ ವರ್ಷ ಅಂದಿ?” ಮನೋರಮಾಬಾಯಿ ಕೇಳಿದಳು.

“ಎಂಬತ್ತೇಳರಾಗ್ರಿ. ಜೂನ್ ತಿಂಗಳದ ಠರಾವು ಐತಿ.”

“ಸಮ್ಮತಿ ಅಂತ ಯಾರು ಹೇಳಿದ್ರು ನಿನಗ?”

“ರಾಯರ ಬರದಾರಲ್ರಿ.” ತನುಜಾ ಇನ್ನೊಂದು ಹಾಳೆ ಮುಂದೆ ಹಿಡಿದಳು. ಹಳೆಯ ಅರ್ಜಿಯ ಝೆರಾಕ್ಸು. ಅಕ್ಷರ ರಾಯರವೇ, ‘ನನ್ನ ಪತ್ನಿಯ ಸಮ್ಮತಿಯಿಂದ’ ಎಂಬ ಮೂರು ಮಾತು ಗುಂಡಗೆ, ಚಿತ್ತು ಕಾಟಿಲ್ಲದೆ, ಒಂದೇ ಓಟದಲ್ಲಿ ಬರೆದಿತ್ತು.

ಆ ವರ್ಷ ಮಧ್ವೇಶನಿಗೆ ಎಂಟು ತುಂಬಿತ್ತು. ಅತ್ತೆ ಹಾಸಿಗೆ ಹಿಡಿದ ಮೊದಲ ವರ್ಷ. ಅಲ್ಲಿಂದ ಮುಂದೆ ಹಂಗಾಮು ಮುಗಿದಾಗಲೊಮ್ಮೆ ಮನೋರಮಾಬಾಯಿ ಕೇಳುತ್ತಿದ್ದಳು: “ಕ್ವಾರ್ಟರ್ಸು ಯಾವಾಗ ಕಟ್ಟತಾರಂತ್ರಿ? ಅತ್ತೀನ್ನೂ ಕರಕೊಂಡು ಅಲ್ಲೇ ಇರೋಣು.” ರಾಯರು ಪಂಚೆಯ ಚುಂಗು ಸರಿಪಡಿಸಿಕೊಂಡು, “ಮುಂದಿನ ಹಂಗಾಮಿಗೆ ನೋಡೋಣಂತ” ಅನ್ನುತ್ತಿದ್ದರು. ಐದಾರು ವರ್ಷ ಕೇಳಿ ಕೇಳಿ ಕೊನೆಗೊಂದು ವರ್ಷ ಅವಳು ಕೇಳುವುದನ್ನು ಬಿಟ್ಟಳು. ಬಿಟ್ಟದ್ದನ್ನು ರಾಯರು ಗಮನಿಸಿದಂತೆ ಕಾಣಲಿಲ್ಲ.

ಮನೋರಮಾಬಾಯಿ ಹಾಳೆಯನ್ನು ತಿರುಗಿಸಿ ತನುಜಾಳ ಕೈಗಿಟ್ಟಳು. “ಚಹಾ ಆರ್ತದ, ಕುಡಿ” ಎಂದು ಒಳಗೆ ಹೋದಳು.

ಆ ರಾತ್ರಿ ಊಟಕ್ಕೆ ಮಗನಿಗೂ ಸೊಸೆಗೂ ಬಡಿಸಿ, ತಾನು ಹಿತ್ತಲ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಸೊಸೆ ಪ್ರಿಯಂವದಾ ಶಿಗ್ಗಾಂವಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ಗಂಡ ಹೆಂಡತಿ ಇಬ್ಬರೂ ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ಇವರ ಒಬ್ಬಳೇ ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಳು.

“ಅತ್ಯಾ, ಉಣ್ಣಲಿಲ್ಲಲ್ಲ?” ಪ್ರಿಯಂವದಾ ಒಳಗಿನಿಂದ ಕೂಗಿದಳು.

“ಹಸಿವಿಲ್ಲವ್ವಾ. ಭಕ್ರಿ ಮುಚ್ಚಿಡು.”

ಮಧ್ವೇಶ ಸಾರು ಸುರಿಯುತ್ತ, “ಅಪ್ಪನ ನೆನಪಾಗಿರಬೇಕು ಬಿಡು” ಎಂದ.

ಎಂಟು ದಿನಕ್ಕೆ ಕಂಪನಿಯಿಂದ ಲಕೋಟೆ ಬಂತು. ಪುಸ್ತಕದಲ್ಲಿ ತಮ್ಮ ಮನೆತನದ ಬಗ್ಗೆ ಬರೆದದ್ದು ಸರಿಯಿದೆಯೆಂದು ಮನೆಯವರು ಸಹಿ ಮಾಡಿ ಕಳಿಸಬೇಕು. ಜೊತೆಗೆ ಇನ್ನೊಂದು ಸುದ್ದಿ: ಹೊಸ ಪ್ರಯೋಗಾಲಯಕ್ಕೆ ರಾಯರ ಹೆಸರಿಡುತ್ತಾರೆ, ಸಮಾರಂಭದ ದಿನ ಮನೋರಮಾಬಾಯಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಮಧ್ವೇಶ ಅಲ್ಲೇ ಸಹಿ ಹಾಕಿ ಪೆನ್ನನ್ನು ತಾಯಿಯ ಮುಂದೆ ಹಿಡಿದ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು.

“ಇಲ್ಲೆ ಕೆಳಗ, ಅವ್ವಾ.”

“ನಾ ಮಾಡಂಗಿಲ್ಲ.”

“ಯಾಕ?”

“ಖೊಟ್ಟಿ ಅದ. ನನ್ನ ಯಾರೂ ಕೇಳಿಲ್ಲ.”

“ಅಪ್ಪ ಕೇಳಿರಬೇಕು. ನಲವತ್ತು ವರ್ಷಾತು, ನಿನಗ ಮರೆತದ.”

ಮನೋರಮಾಬಾಯಿ ಈಳಿಗೆಯಿಂದ ಕೈ ತೆಗೆದಳು. “ನಿನಗ ಹಲ್ಲು ಬಂದ ವಾರ ಹೇಳ್ಲೇನು? ನಿಮ್ಮಜ್ಜಿ ಎಷ್ಟನೇ ತಾರೀಖಿಗೆ ನೆಲಾ ಹಿಡಿದ್ಲು ಹೇಳ್ಲೇನು? ಮನಿ ಬಂದದ, ಬ್ಯಾಡ ಅನ್ನಲೇನು ಅಂತ ಗಂಡ ಕೇಳಿದ್ದು ಮರೀತೇನೇನು ನಾನು?”

“ಒಂದು ಶಬ್ದ ಅವ್ವಾ. ಒಂದು ಶಬ್ದಕ್ಕ ಇಷ್ಟು ಯಾಕ ಎಳಿತಿ? ಸತ್ತವರ ತಪ್ಪು ತೆಗದು ಏನು ಬರೂದದ?”

“ತಪ್ಪು ತೆಗೀಲಿಕ್ಕತ್ತಿಲ್ಲೋ. ನನ್ನ ಹೆಸರು ತೆಗೀರಿ ಅಂದೆ.”

ಮಧ್ವೇಶ ಕಾಗದವನ್ನು ದೇವರ ಮಾಡದಲ್ಲಿಟ್ಟು ಹೊರಗೆ ನಡೆದ. ಪ್ರಿಯಂವದಾ ಅತ್ತೆಯ ಪಕ್ಕ ಕುಳಿತು, ಕರ್ರಗಾಗತೊಡಗಿದ್ದ ಹೋಳುಗಳನ್ನು ನೀರಿಗೆ ಹಾಕಿದಳು.

ನಂತರದ ದಿನಗಳಲ್ಲಿ ಮನೆಯ ಕೆಲಸ ಎಂದಿನಂತೆ ನಡೆಯಿತು. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಡಬ್ಬಿ ಕಟ್ಟಿಕೊಂಡು ಹೊರಡುವರು; ಸಂಜೆ ಆರೂವರೆಗೆ ಬರುವರು. ನಡುವಿನ ಹೊತ್ತಿನಲ್ಲಿ ಮನೋರಮಾಬಾಯಿ ಒಬ್ಬಳೇ. ಇದೇನು ಹೊಸತಲ್ಲ. ಆದರೆ ಮೊದಲು ಒಬ್ಬಳೇ ಇರುವಾಗ, ‘ಪಾಪ, ಅವರೂ ಅಲ್ಲಿ ಒಬ್ಬರೇ ಇದ್ದರಲ್ಲ’ ಎಂಬುದೊಂದು ಜೊತೆ ಇತ್ತು. ಈಗ ಅದೂ ಇರಲಿಲ್ಲ.

ಒಂದು ರವಿವಾರ ಪುಠಾಣಿ ಚಟ್ನಿ ಕುಟ್ಟುವಾಗ ಪ್ರಿಯಂವದಾ ಬಾಯಿಬಿಟ್ಟಳು. “ನಾ ಒಂದು ಹೇಳ್ಲೇನ್ರಿ ಅತ್ಯಾ? ಹ್ವಾದ ವರ್ಷ ಶಿಗ್ಗಾಂವ್ಯಾಗ ಮನಿ ಹಿಡಿಯೋಣ ಅಂತ ಹೇಳಿದ್ದೆ ಇವರಿಗೆ. ದಿನಾ ಎರಡು ತಾಸು ಬಸ್ಸಿನ್ಯಾಗ ಹೋಗ್ತದ, ನನಗ ಬೆನ್ನು ನಿಲ್ಲಂಗಿಲ್ಲ. ಅವ್ವ ಸವಣೂರು ಬಿಟ್ಟು ಬರಂಗಿಲ್ಲ ಅಂದ್ರು.”

“ನಾ ಯಾವಾಗ ಅಂದೆ?”

“ನೀವು ಅಂದಿಲ್ರಿ. ನನಗ ಈಗ ತಿಳೀತು.”

ಮನೋರಮಾಬಾಯಿ ಒರಳಿಗೆ ಇನ್ನೊಂದು ಹಿಡಿ ಪುಠಾಣಿ ಹಾಕಿದಳು.

“ಆ ಮನಿ ಒಮ್ಮೆ ನೋಡಿಕೊಂಡು ಬರ್ರಿ” ಪ್ರಿಯಂವದಾ ಅಂದಳು. “ನಾ ರಜಾ ಹಾಕಿ ಬರ್ತೇನಿ ನಿಮ್ಮ ಜೋಡಿ.”

“ಬ್ಯಾಡ. ನಾ ಒಬ್ಬಾಕೀನ ಹೋಗ್ತೇನಿ.”

ಮಂಗಳವಾರ ಇಬ್ಬರೂ ಹೋದ ಮೇಲೆ ಮನೋರಮಾಬಾಯಿ ಬೀಗ ಹಾಕಿ ಬಸ್ ಸ್ಟ್ಯಾಂಡಿಗೆ ನಡೆದಳು. ಆಧಾರ ಕಾರ್ಡ್ ತೋರಿಸಿದ್ದಕ್ಕೆ ಕಂಡಕ್ಟರ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ. ಬಂಕಾಪುರದಲ್ಲಿ ಬಸ್ಸು ಬದಲಿಸಿದಳು. ಈ ದಾರಿಯಲ್ಲಿ ಅವಳು ಕಳಿಸಿದ ಉಪ್ಪಿನಕಾಯಿ, ಚಟ್ನಿಪುಡಿ, ಒಗೆದ ಪಂಚೆಗಳು ಎಷ್ಟೋ ಸಲ ಹೋಗಿದ್ದವು. ಅವಳು ಹೋದದ್ದು ಇದೇ ಮೊದಲು. ಒಮ್ಮೆ ಬರುತ್ತೇನೆಂದಾಗ ರಾಯರು, ‘ಗಂಡಸರ ಖೋಲಿ ಅವ, ಎಲ್ಲಿ ಕೂಡ್ತಿ ನೀನು?’ ಎಂದಿದ್ದರು.

ಹಾನಗಲ್ಲಿನಿಂದ ಟೆಂಪೋ ಹಿಡಿದು ಇಳಿದಾಗ ಮೊದಲು ತಾಗಿದ್ದು ವಾಸನೆ. ಹಂಗಾಮು ಆಗಷ್ಟೇ ಸುರುವಾಗಿತ್ತು. ಕಾಕಂಬಿಯ ಆ ಕಮಟು ಸಿಹಿ ಅವಳಿಗೆ ಹೊಸದಲ್ಲ. ಶನಿವಾರದ ಅಂಗಿಗಳನ್ನು ನೆನೆಹಾಕಿದಾಗ ಬಕೆಟ್ಟಿನಿಂದ ಏಳುತ್ತಿದ್ದುದು ಇದೇ.

ಕಚೇರಿಯಲ್ಲಿದ್ದ ತನುಜಾ ಓಡಿ ಬಂದಳು. ಏನೂ ಕೇಳದೆ ವಸಾಹತಿನ ಕಡೆ ಕರೆದೊಯ್ದಳು. ಹಂಚಿನ ಎಂಟು ಮನೆಗಳು ಒಂದೇ ಸಾಲಿನಲ್ಲಿದ್ದವು. “ಹಂಗಾಮು ಮುಗಿದ ಮ್ಯಾಲ ಇವನ್ನ ಕೆಡವತಾರ್ರಿ. ಇಥೆನಾಲ್ ಟಾಕಿ ಬರ್ತಾವು” ಎಂದಳು.

ಮೊದಲನೆಯ ಮನೆಯ ಬಾಗಿಲಲ್ಲಿ ಮಲ್ಲಿಕಸಾಬರ ಹೆಂಡತಿ ಹಯಾತಬಿ ಕಡ್ಡಿಪೊರಕೆಯ ಕಡ್ಡಿ ಬಿಗಿಯುತ್ತ ಕುಳಿತಿದ್ದಳು. ಮಲ್ಲಿಕಸಾಬರು ಹೋಗಿ ಹತ್ತು ವರ್ಷವಾಗಿತ್ತು. ಮಗನಿಗೆ ಬಾಯ್ಲರಿನಲ್ಲಿ ಕೆಲಸ ಇದ್ದುದರಿಂದ ಮನೆ ಉಳಿದಿತ್ತು. ತನುಜಾ ಹೆಸರು ಹೇಳಿದ್ದೇ ಮುದುಕಿ ಪೊರಕೆ ಬಿಟ್ಟು ಎದ್ದಳು.

“ಯಾ ಅಲ್ಲಾ! ರಾಯರ ಮನಿಯಾರು? ನಲವತ್ತು ವರ್ಷ ಹೆಸರ ಕೇಳೇನ್ರಿ, ಮಾರಿ ಇವತ್ತ ನೋಡಿದ್ನಿ. ಬರ್ರಿ, ಕುಂದರ್ರಿ.” ಚಾಪೆ ಹಾಸಿದಳು. ಒಳಗೆ ಹೋಗಿ ಎರಡು ಬಾಳೆಹಣ್ಣು ತಂದು, ಮುಟ್ಟದಂತೆ ದೂರದಿಂದ ಇಟ್ಟಳು.

“ಯಾಕ, ಚಹಾ ಕಾಸೂದಿಲ್ಲೇನು ನಿಮ್ಮ ಮನ್ಯಾಗ?” ಮನೋರಮಾಬಾಯಿ ಕೇಳಿದಳು.

ಹಯಾತಬಿ ಗಲಿಬಿಲಿಯಾದಳು. “ನೀವು ಕುಡಿಯಂಗಿಲ್ಲ ಅಂತ... ರಾಯರು ಅಂತಿದ್ರಲ್ರಿ. ನಮ್ಮ ಮನ್ಯಾಕಿ ಭಾಳ ಮಡಿ, ಈ ಕಬ್ಬಿನ ನಾತ ಆಕಿಗೆ ಆಗಂಗಿಲ್ಲ, ಬಾ ಅಂದ್ರೂ ಬರಂಗಿಲ್ಲ ಅಂತ. ಮನಿ ಸುಮ್ಮನ ಖಾಲಿ ಬೀಳ್ತೈತಿ, ಮಲ್ಲಿಕ್, ನೀ ಇರು ಅಂದ್ರು. ವಸಾಹತಿನ್ಯಾಗ ಎಲ್ಲಾರಿಗೂ ಗೊತ್ತೈತ್ರಿ.”

ಅಂದರೆ ಈ ಎಂಟು ಮನೆಗಳಲ್ಲಿ ಮೂವತ್ತೆಂಟು ವರ್ಷದಿಂದ ಒಬ್ಬಳು ಮನೋರಮಾಬಾಯಿ ಇದ್ದಳು. ಬಾ ಎಂದರೂ ಬಾರದ, ಮೂಗು ಮುರಿಯುವ, ದೊಡ್ಡಸ್ತಿಕೆಯ ಹೆಂಗಸು. ಅವಳ ಪರಿಚಯ ಎಲ್ಲರಿಗೂ ಇತ್ತು, ಮನೋರಮಾಬಾಯಿಯೊಬ್ಬಳನ್ನು ಬಿಟ್ಟು.

“ನಾ ಕುಡೀತೇನಿ. ಸಕ್ಕರಿ ಜರಾ ಹೆಚ್ಚಿಗೆ ಹಾಕ್ರಿ” ಎಂದಳು.

ಚಹಾ ಕುದಿಯುವಾಗ ಮನೆಯನ್ನು ನೋಡಿದಳು. ಎರಡು ಖೋಲಿ, ನಡುವೆ ಒಂದು ಅಡಿಗೆಮನೆ. ಅಡಿಗೆಮನೆಯ ಕಿಟಕಿ ಮೂಡಣಕ್ಕಿತ್ತು. ಅದರಾಚೆ ಕಾಲುವೆ, ಕಾಲುವೆಯಾಚೆ ಕಬ್ಬು. ಒಲೆಯ ಮುಂದೆ ನಿಂತರೆ ಬಿಸಿಲು ಕೈಯ ಮೇಲೆ ಬೀಳುತ್ತಿತ್ತು. ಅವಳು ಸ್ವಲ್ಪ ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು.

“ಮೊದಲ ಕೂಲಿಕಾರರ ತಗಡಿನ ಲೈನಿನ್ಯಾಗ ಇದ್ದಾಗ ನಂದು ಎರಡು ಕೂಸು ಉಳೀಲಿಲ್ರಿ” ಹಯಾತಬಿ ಬಸಿಯಲ್ಲಿ ಚಹಾ ಸುರಿಯುತ್ತ ಹೇಳಿದಳು. “ಮಳಿಗಾಲದಾಗ ಒಳಗ ನೀರು. ಈ ಮನಿಗೆ ಬಂದ ಮ್ಯಾಲ ಮೂರು ಹುಟ್ಟಿದ್ವು, ಮೂರೂ ಉಳಿದ್ವು. ನಿಮ್ಮ ಹೆಸರಲೆ ದುವಾ ಮಾಡೇನಿ, ಖರೇನ. ನಿಮ್ಮ ಮಗಾ ಮಧ್ವೇಶಪ್ಪ ಸೂಟಿಗೆ ಬಂದಾಗ ಇಲ್ಲೇ ಅಂಗಳದಾಗ ನಮ್ಮ ಹುಡುಗ್ರ ಜೋಡಿ ಗೋಲಿ ಆಡತಿದ್ದ. ಇದು ನಮ್ಮ ಮನಿ ಆಗಬೇಕಿತ್ತು ಅಂತ ಒಮ್ಮೆ ಜಗಳಾ ತಗದಿದ್ದ.” ಹೇಳಿ ನಕ್ಕಳು.

ಮನೋರಮಾಬಾಯಿ ಬಸಿಯನ್ನು ಕೆಳಗಿಟ್ಟಳು. ಬೇಸಿಗೆಯ ಸೂಟಿಯಲ್ಲಿ ಹದಿನೈದು ದಿನ ಅಪ್ಪನ ಹತ್ತಿರ ಹೋಗಿ ಬರುತ್ತಿದ್ದ ಮಗ, ಬಾಯ್ಲರಿನ ಸುದ್ದಿ, ಕಬ್ಬಿನ ಗಾಡಿಗಳ ಸುದ್ದಿ ತಾಸುಗಟ್ಟಲೆ ಹೇಳುತ್ತಿದ್ದ. ಈ ಮನೆಯ ಸುದ್ದಿ ಒಂದು ದಿನವೂ ಹೇಳಿರಲಿಲ್ಲ.

ಹೊರಗೆ ಬಂದು ರಾಯರ ಖೋಲಿ ಯಾವುದೆಂದು ಕೇಳಿದಳು. ಹಯಾತಬಿ ತೋರಿಸಿದಳು, ಗೋದಾಮಿನ ಪಕ್ಕ, ಈಗ ಖಾಲಿ ಚೀಲ ತುಂಬಿಟ್ಟಿದ್ದರು.

“ಒಂದು ಮಾತು ಕೇಳ್ತೇನಿ, ಖರೇ ಹೇಳ್ರಿ ಹಯಾತಬಿ. ಅವರಿಗೆ ಇಲ್ಲೆ ಬ್ಯಾರೆ ಯಾರಾದ್ರೂ ಇದ್ರೇನು?”

“ತೌಬಾ, ತೌಬಾ! ಯಾರೂ ಇರಲಿಲ್ರಿ. ಸಂಜೀಕ ಖೋಲಿ ಮುಂದಿನ ಕಟ್ಟಿ ಮ್ಯಾಲ ಕುರ್ಚಿ ಹಾಕ್ಕೊಂಡು ಒಬ್ರ ಕುಂದರತಿದ್ರು. ಯಾರರೆ ಹ್ವಾದ್ರ ಎದ್ದು ಒಳಗ ಹೋಗ್ತಿದ್ರು. ಅವರಿಗೆ ಒಬ್ರ ಇರೂದು ಸೇರತಿತ್ತು ಅಷ್ಟ.”

ಇನ್ನೊಬ್ಬಳು ಇದ್ದಿದ್ದರೆ ಜಗಳಕ್ಕೆ ಒಬ್ಬಳಾದರೂ ಸಿಗುತ್ತಿದ್ದಳು. ಮುಚ್ಚಿದ ಬಾಗಿಲಿನ ಮುಂದಿನ ಒಂದು ಖಾಲಿ ಕಟ್ಟೆಯ ಜೊತೆ ಏನಂತ ಜಗಳವಾಡುವುದು? ಮನೋರಮಾಬಾಯಿ ಸೆರಗು ಹೊದ್ದು ಟೆಂಪೋದ ಕಡೆ ನಡೆದಳು. ಹಯಾತಬಿ ರಸ್ತೆಯವರೆಗೂ ಬಂದು, ಎರಡು ಬಾಳೆಹಣ್ಣನ್ನೂ ಚೀಲದಲ್ಲಿ ಹಾಕಿ ಕಳಿಸಿದಳು.

ಸಂಜೆ ಮಧ್ವೇಶನಿಗೆ ಅವಳು ಎಲ್ಲಿಗೆ ಹೋಗಿದ್ದಳೆಂದು ತಿಳಿಯುವ ಮೊದಲೇ ಕಂಪನಿಯ ಈಗಿನ ಯಜಮಾನರಾದ, ಮಹಾಲಿಂಗಪ್ಪನವರ ಮೊಮ್ಮಗ ಶಂಭುಲಿಂಗ ಫೋನು ಮಾಡಿದ್ದರು. ಪುಸ್ತಕ ಅಚ್ಚಿಗೆ ಹೋಗಬೇಕು, ಸಹಿ ಬಂದಿಲ್ಲ. ಮಧ್ವೇಶ ಕೈಕಾಲು ತೊಳೆಯದೆ ಅಡಿಗೆಮನೆಗೆ ಬಂದ.

“ಅವ್ವಾ, ಶುಕ್ರವಾರಕ್ಕ ಕಡೇ ದಿನ ಅಂತ. ಸಹಿ ಇಲ್ಲಂದ್ರ ಆ ಭಾಗಾನ ತೆಗೀತಾರಂತ. ಪ್ರಯೋಗಾಲಯದ ಹೆಸರೂ ಹೋಗ್ತದ. ಏನು ಬೇಕು ನಿನಗ?”

“ಇವತ್ತು ಹೋಗಿದ್ದೆ ನಾನು. ಮನಿ ನೋಡಿ ಬಂದೆ.”

ಮಧ್ವೇಶ ಕೈಯಲ್ಲಿದ್ದ ಫೋನನ್ನು ಕಟ್ಟೆಯ ಮೇಲಿಟ್ಟ.

“ಕೊಟ್ಟದ್ದು ಛಲೋ ಆತು” ಮನೋರಮಾಬಾಯಿ ಒಲೆಯ ಉರಿ ಸಣ್ಣ ಮಾಡಿದಳು. “ಆ ಹೆಣ್ಣುಮಗಳ ಮೂರು ಕೂಸು ಉಳಿದ್ವು. ಕೇಳಿದ್ರ ನಾನೂ ಕೊಡು ಅಂತಿದ್ದೆನೇನೋ. ಕೇಳಲಿಲ್ಲ. ಕೇಳೇನಿ ಅಂತ ಬರದು ಕೊಟ್ಟರು. ಬರಂಗಿಲ್ಲ ಅಂತ ಊರಿಗೆಲ್ಲಾ ಹೇಳಿದ್ರು. ಅದನ್ನೂ ನುಂಗತೇನಿ. ನೀನು ಆ ಅಂಗಳದಾಗ ಗೋಲಿ ಆಡಿ ಬಂದು, ನನ್ನ ಮುಂದ ಕೂತು ಬಾಯ್ಲರಿನ ಕಥಿ ಹೇಳಿದ್ಯಲ್ಲೋ ಮಧ್ವಾ?”

ಪ್ರಿಯಂವದಾ ಲಟ್ಟಣಿಗೆ ನಿಲ್ಲಿಸಿ ಗಂಡನ ಮುಖ ನೋಡಿದಳು.

“ಅಪ್ಪ ಹೇಳಬ್ಯಾಡ ಅಂದಿದ್ರು” ಮಧ್ವೇಶನ ದನಿ ಇಳಿಯಿತು. “ಅವ್ವ ಸುಮ್ಮನ ಬ್ಯಾಸರ ಮಾಡ್ಕೋತಾಳ ಅಂದ್ರು. ನಾ ಹನ್ನೆರಡು ವರ್ಷದಾವ ಇದ್ದೆ.”

“ಹೂಂ. ಆವಾಗ ಹನ್ನೆರಡು. ಆಮ್ಯಾಲ ಇಪ್ಪತ್ತಾತು. ಮದುವಿ ಆತು. ಮಗಳಾದ್ಲು. ಅಪ್ಪ ಹ್ವಾದ್ರು. ಈಗ ನಲವತ್ತಾರು.”

“ಅದಕ್ಕ ಬರ್ಕೊಳ್ಳಲಿ ಬಿಡು ಅಂದೆ ಅವ್ವಾ! ನೀನೂ ಒಪ್ಪಿದ್ದಿ ಅಂತ ಪುಸ್ತಕದಾಗ ಬಂದ್ರ...” ಅವನು ಅರ್ಧಕ್ಕೆ ನಿಲ್ಲಿಸಿದ.

“ಬಂದ್ರ ಏನು? ನೀ ಹೇಳದ ಇದ್ದದ್ದೂ ತಪ್ಪಾಗಂಗಿಲ್ಲ, ಹಂಗೇನು?”

ಮಧ್ವೇಶ ಬಾಗಿಲ ಕಡೆ ತಿರುಗಿದ. “ನಿನ್ನ ಹಟಕ್ಕ ಅಪ್ಪನ ಹೆಸರು ಹಾಳಾಗ್ತದ” ಎಂದು ಗಟ್ಟಿಯಾಗಿ ಕೂಗಿ, ಊಟ ಬಿಟ್ಟು ಮಾಳಿಗೆಗೆ ಹೋದ.

ಗುರುವಾರ ಬೆಳಿಗ್ಗೆ ಮನೋರಮಾಬಾಯಿ ದೇವರ ಮಾಡದಿಂದ ಕಾಗದ ತೆಗೆದಳು. ‘ಪೂರ್ಣ ಸಮ್ಮತಿಯೊಂದಿಗೆ’ ಎಂಬುದರ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ, ‘ನನ್ನನ್ನು ಕೇಳಿರಲಿಲ್ಲ. ಮನೆ ಕೊಟ್ಟದ್ದು ಸರಿ’ ಎಂದು ಬರೆದಳು. ಕೆಳಗೆ ಸಹಿ ಮಾಡಿದಳು. “ಇದನ್ನ ನಿಮ್ಮ ಆಫೀಸಿನ್ಯಾಗಿಂದ ರಜಿಸ್ಟರ್ ಮಾಡಿ ಕಳಸು” ಎಂದು ಸೊಸೆಯ ಕೈಗೆ ಕೊಟ್ಟಳು. ಪ್ರಿಯಂವದಾ ಓದಿದಳು, ಗಂಡನಿಗೆ ತೋರಿಸದೆ ಡಬ್ಬಿಯ ಚೀಲದಲ್ಲಿಟ್ಟುಕೊಂಡಳು.

ಕಾಗದ ತಲುಪಿದ ಮೇಲೆ ತನುಜಾ ಫೋನು ಮಾಡಿ, ಯಜಮಾನರೊಂದಿಗೆ ವಾದಿಸಿದೆ, ಹಬ್ಬದ ಪುಸ್ತಕದಲ್ಲಿ ಮನೆಮನೆಯ ರಗಳೆ ಬೇಡ ಅಂದುಬಿಟ್ಟರು ಎಂದಳು. “ನನ್ನ ಬರವಣಿಗ್ಯಾಗ ಅದೇ ಬಂಗಾರ ಆಗಿತ್ರಿ ಅಮ್ಮಾರ” ಎಂದು ನಿಟ್ಟುಸಿರುಬಿಟ್ಟಳು.

ಸಮಾರಂಭಕ್ಕೆ ಮಧ್ವೇಶ ಒಬ್ಬನೇ ಹೋದ. ಸಂಜೆ ದಪ್ಪ ಪುಸ್ತಕ ಹಿಡಿದು ಬಂದು ತಾಯಿಯ ಮುಂದೆ ಇಟ್ಟ. “ನೋಡಿಕೋ. ಅಪ್ಪಂದೂ ಇಲ್ಲ, ನಿಂದೂ ಇಲ್ಲ.”

ಮನೋರಮಾಬಾಯಿ ನಾಲ್ಕು ಮಧ್ಯಾಹ್ನ ಕುಳಿತು ಇಡೀ ಪುಸ್ತಕ ಓದಿದಳು. ಎತ್ತುಗಳು ಎಳೆದ ಬಾಯ್ಲರು ಇತ್ತು, ದಾಸೋಹದ ಕಂದು ಸಕ್ಕರೆ ಇತ್ತು. ನೂರಾ ಹನ್ನೆರಡನೆಯ ಪುಟದಲ್ಲಿ ‘೧೯೮೭: ಎಂಟು ವಸತಿಗೃಹಗಳ ನಿರ್ಮಾಣ’ ಎಂದು ಒಂದು ಸಾಲು ಇತ್ತು. ನೌಕರರ ಗುಂಪಿನ ಫೋಟೋದಲ್ಲಿ ರಾಯರು ಕೊನೆಯ ಸಾಲಿನ ತುದಿಗೆ, ಪಕ್ಕದವನಿಂದ ಒಂದು ಮೊಳ ದೂರ ಬಿಟ್ಟು ನಿಂತಿದ್ದರು. ಅವಳು ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. ಸಿಟ್ಟನ್ನು ಹುಡುಕಿದಳು, ಇತ್ತು, ಆದರೆ ಅದರ ಜೊತೆ ಇನ್ನೇನೋ ಇತ್ತು. ಎರಡು ಕಡೆ ಇಬ್ಬರು ಒಬ್ಬೊಬ್ಬರೇ ಕುಳಿತು ಒಂದು ಆಯುಷ್ಯ ಕಳೆದಿದ್ದರು. ಒಬ್ಬರಿಗೆ ಅದು ಬೇಕಾಗಿತ್ತು, ಇನ್ನೊಬ್ಬರಿಗೆ ಬೇಡವಾಗಿತ್ತು. ಅಷ್ಟೇ ವ್ಯತ್ಯಾಸ.

ಎರಡು ವಾರ ಮಧ್ವೇಶ ತಾಯಿಯ ಜೊತೆ ಮಾತಾಡಲಿಲ್ಲ. ‘ಸಾರು ಬೇಕಂತೇನು ಕೇಳು’ ಎಂದು ಅವಳು ಸೊಸೆಗೆ ಹೇಳಿದರೆ, ‘ಸಾಕಂತ ಹೇಳು’ ಎಂದು ಅವನೂ ಸೊಸೆಗೇ ಹೇಳುವನು. ಪ್ರಿಯಂವದಾ ಒಂದು ದಿನ ಸೌಟು ಕೆಳಗಿಟ್ಟು, “ನಾನೇನು ಪೋಸ್ಟಿನ ಡಬ್ಬಿ ಏನು ನಿಮ್ಮಿಬ್ಬರಿಗೂ? ಇಲ್ಲೂ ಅದೇ ಚಾಕರಿ?” ಎಂದಳು. ಯಾರೂ ನಗಲಿಲ್ಲ.

ಆಮೇಲೊಂದು ಶನಿವಾರ ಮಧ್ಯಾಹ್ನ ಮನೋರಮಾಬಾಯಿ ಅವರೆಕಾಯಿ ಸುಲಿಯುತ್ತಿದ್ದಾಗ ಮಧ್ವೇಶ ಬಂದು ಎದುರಿಗೆ ಕುಳಿತ. ಒಂದು ಹಿಡಿ ಕಾಯಿ ಎಳೆದುಕೊಂಡು ತಾನೂ ಸುಲಿಯತೊಡಗಿದ. ಕಾಳು ಯಾವುದು, ಸಿಪ್ಪೆ ಯಾವುದು ಎಂಬ ಎಚ್ಚರವಿಲ್ಲದೆ ಎರಡನ್ನೂ ಬುಟ್ಟಿಗೆ ಹಾಕುತ್ತಿದ್ದ. ಅವಳು ಸುಮ್ಮನೆ ಸಿಪ್ಪೆ ಆರಿಸಿ ತೆಗೆದಳು.

“ಶಿಗ್ಗಾಂವ್ಯಾಗ ಒಂದು ಮನಿ ಖಾಲಿ ಅದ” ಅವನು ಬುಟ್ಟಿ ನೋಡುತ್ತಲೇ ಹೇಳಿದ. “ಅಡಿವೆವ್ವ ಅಂತ ಮಾಲಕರು, ಮ್ಯಾಲ ಇರ್ತಾರ. ಪ್ರಿಯಂವದಾಗ ಬೆನ್ನಿನ ತ್ರಾಸು. ಅಲ್ಲೇ ಇದ್ರ... ನಾ ಇನ್ನೂ ಹೂಂ ಅಂದಿಲ್ಲ ಅವರಿಗೆ. ನಿನ್ನ ಕೇಳಬೇಕು ಅಂತ ಬಂದೆ. ನೀ ಬರ್ತೀಯೇನವ್ವಾ?”

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. “ಮನಿ ನೋಡದ ಹೆಂಗ ಹೇಳ್ಲಿ?” ಎಂದಳು.

ಮರುದಿನ ಮೂವರೂ ಹೋದರು. ಮನೆ ಕಾಳಿನ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಅಡಿವೆವ್ವ ಕೀಲಿ ತೆಗೆದು, ನಳ ತಿರುವಿ ತೋರಿಸಿ, “ನೀರು ದಿನಾ ಬರ್ತೈತ್ರಿ ಅಮ್ಮಾರ. ಮಂದಿ ಕೇಳಾಕತ್ತಾರ, ನಿಮ್ಮ ಸಂಬಂಧ ತಡದೇನಿ” ಎಂದಳು. ಮನೋರಮಾಬಾಯಿ ಪಡಸಾಲೆ ನೋಡಿದಳು, ಮಲಗುವ ಖೋಲಿ ನೋಡಿದಳು. ಅಡಿಗೆಮನೆಗೆ ಹೋಗಿ ಕಿಟಕಿಯ ಚಿಲಕ ತೆಗೆದಳು. ಎರಡು ಗೇಣಿನ ಆಚೆ ಪಕ್ಕದ ಮನೆಯ ಗೋಡೆ ಇತ್ತು.

ಮಗ, ಸೊಸೆ, ಮಾಲಕಿ ಮೂವರೂ ಅವಳನ್ನೇ ನೋಡುತ್ತಿದ್ದರು.

“ಹೆಂಗದ ಅವ್ವಾ?” ಮಧ್ವೇಶ ಕೇಳಿದ.

“ಬ್ಯಾಡ” ಎಂದಳು.

ಮಧ್ವೇಶನ ಮುಖ ಇಳಿಯಿತು. “ಸವಣೂರು ಬಿಡಲಿಕ್ಕೆ ನಿನಗ ಆಗಂಗಿಲ್ಲ ಅಂತ ನನಗ ಮೊದಲ...”

“ನಾ ಹಂಗ ಅಂದೆ ಏನೋ? ಬರ್ತೇನಿ ನಾನು. ಈ ಮನಿ ಬ್ಯಾಡ ಅಂದೆ. ಇಲ್ಲೆ ಬೆಳಕಿಲ್ಲ.”

ಪ್ರಿಯಂವದಾ ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬೇರೆ ಕಡೆ ತಿರುಗಿದಳು. ಅಡಿವೆವ್ವ ಕೀಲಿಕೈಯನ್ನು ಸೊಂಟಕ್ಕೆ ಸಿಗಿಸಿದಳು. ಮೂವರೂ ಓಣಿ ದಾಟಿ ದೊಡ್ಡ ರಸ್ತೆಗೆ ಬಂದರು. ಪುಣೆಯ ಕಡೆಯ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು.

“ಮತ್ತ ಎಂಥಾ ಮನಿ ಬೇಕು ನಿನಗ? ಅದನ್ನರೆ ಹೇಳು” ಮಧ್ವೇಶ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಬೇಡ ಅನ್ನುವುದು ಅವಳಿಗೆ ಸುಲಭವಾಗಿತ್ತು. ಇದು ಕಷ್ಟದ ಪ್ರಶ್ನೆ. ಎಪ್ಪತ್ತು ವರ್ಷ ಯಾರೂ ಕೇಳದೆ ಇದ್ದುದರಿಂದ ಉತ್ತರ ತಯಾರಿರಲಿಲ್ಲ.

“ತಡಿ” ಎಂದಳು ಮನೋರಮಾಬಾಯಿ. “ವಿಚಾರ ಮಾಡ್ಲಿಕ್ಕತ್ತೇನಿ.”

ಮಧ್ವೇಶ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟು, ರಸ್ತೆಯ ಬದಿಯಲ್ಲಿ ಕಾಯುತ್ತ ನಿಂತ.